ಸ್ಟಿಕ್ ಕೆಳಗಿಟ್ಟ ಮೇಲೆ ವಿಷಲ್ ಹಿಡಿಯಬಹುದೇ?

ಪ್ರಶ್ನೆ: ನನಗೀಗ 39 ವರ್ಷ. ಕೊಡಗಿನ ವಿರಾಜಪೇಟೆಯ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟವಿದೆ. ಶಾಲೆಯ ದಿನಗಳಿಂದ ಹಾಕಿ ಆಡಿದವನು ನಾನು. ಸೇನೆಯಲ್ಲಿದ್ದಾಗ ರೆಜಿಮೆಂಟ್ ತಂಡದಲ್ಲಿ ಸೆಂಟರ್ ಹಾಫ್ ಆಗಿದ್ದೆ. ಎಡ ಮೊಣಕಾಲಿನ ಲಿಗಮೆಂಟ್ ಹರಿದು ಶಸ್ತ್ರಚಿಕಿತ್ಸೆಯಾದ ಮೇಲೆ ಆಟ ಬಿಟ್ಟೆ. ಅದಾಗಿ ಹತ್ತು ವರ್ಷ ದಾಟಿದೆ. ಈಗ ಆರು ವರ್ಷಗಳಿಂದ ಊರಿನ ಶಾಲೆಯ ಮಕ್ಕಳಿಗೆ ತರಬೇತಿ ಕೊಡುತ್ತಿದ್ದೇನೆ. ಕಳೆದ ಏಪ್ರಿಲ್‌ನಲ್ಲಿ ಊರಿನ ಪಂದ್ಯವೊಂದಕ್ಕೆ ಅಂಪೈರ್ ಬಾರದೆ ಹೋದಾಗ ನನ್ನನ್ನೇ ನಿಲ್ಲಿಸಿದರು. ಆಡುತ್ತಿದ್ದ ತಂಡಗಳಲ್ಲಿ ಒಂದು ನಮ್ಮ ಒಕ್ಕದ್ದೇ, ಅಂದರೆ ನಮ್ಮ ಮನೆತನದ್ದೇ. ಇಷ್ಟು ವರ್ಷ ಆಡಿದವನು ಹತ್ತೇ ನಿಮಿಷದಲ್ಲಿ ಗೊಂದಲಕ್ಕೆ ಬಿದ್ದೆ. ಕೊನೆಯ ಗಳಿಗೆಯಲ್ಲಿ ಗೋಲಿನ ಮುಂದಿನ ಸರ್ಕಲ್ ಒಳಗೆ ಎದುರು ತಂಡದ ಡಿಫೆಂಡರ್ ಕಾಲಿಗೆ ಚೆಂಡು ಬಡಿದು ನಮ್ಮ ದೊಡ್ಡಪ್ಪನ ಮಗನ ಸ್ಟಿಕ್‌ಗೇ ಬಂತು. ನಾನು ಅಷ್ಟರಲ್ಲಿ ವಿಷಲ್ ಊದಿ ಆಟ ನಿಲ್ಲಿಸಿ, ನಮ್ಮವರಿಗೆ ಪೆನಾಲ್ಟಿ ಕಾರ್ನರ್ (ಗೋಲಿನ ಗೆರೆಯಿಂದ ಚೆಂಡು ತಳ್ಳಿ ಗೋಲಿಗೆ ಹೊಡೆಯುವ ಅವಕಾಶ) ಕೊಟ್ಟುಬಿಟ್ಟಿದ್ದೆ. ಕಾರ್ನರ್ ವ್ಯರ್ಥವಾಯಿತು, ನಮ್ಮವರು ಒಂದು ಗೋಲಿನಿಂದ ಸೋತರು. ನ್ಯಾಯವಂತನೆಂದು ತೋರಿಸಿಕೊಳ್ಳಲು ಬೇಕೆಂದೇ ಹಾಗೆ ಮಾಡಿದೆ ಎಂದು ಅವನು ಮಾತು ಬಿಟ್ಟಿದ್ದಾನೆ. ಇಷ್ಟಾದರೂ ಅಂಪೈರ್ ಆಗಬೇಕೆಂಬ ಆಸೆ ಮಾತ್ರ ಅಂದಿನಿಂದ ಬಿಡುತ್ತಿಲ್ಲ. ಆಡಲು ಬಾರದವರು ಮಾತ್ರ ಅಂಪೈರ್ ಆಗುತ್ತಾರೆ ಎಂದು ಮನೆಯಲ್ಲಿ ನಗುತ್ತಾರೆ. ಈ ವಯಸ್ಸಿನಲ್ಲಿ, ಈ ಕಾಲಿಟ್ಟುಕೊಂಡು ಇದು ಸಾಧ್ಯವೇ? ತರಬೇತಿ ಬಿಡಬೇಕೇ? ಇದರಿಂದ ಏನಾದರೂ ಸಂಪಾದನೆ ಇದೆಯೇ?

ಉತ್ತರ: ನೀವು ಕೇಳಿರುವುದು ವಯಸ್ಸು, ಕಾಲು ಮತ್ತು ಸಂಪಾದನೆಯ ಬಗ್ಗೆ. ಆದರೆ ಪತ್ರವನ್ನು ಎರಡನೆಯ ಸಲ ಓದಿದಾಗ ನಿಮ್ಮನ್ನು ನಿಜವಾಗಿ ಕಾಡುತ್ತಿರುವುದು ಬೇರೆಯದು ಎನಿಸಿತು: ಇಷ್ಟು ವರ್ಷ ಆಡಿದ, ಆರು ವರ್ಷ ಕಲಿಸಿದ ಆಟ ಹತ್ತು ನಿಮಿಷದಲ್ಲಿ ಅಪರಿಚಿತವಾದದ್ದು ಏಕೆ ಎಂಬುದು. ಅಲ್ಲಿಂದಲೇ ಆರಂಭಿಸುತ್ತೇನೆ, ಏಕೆಂದರೆ ಉಳಿದ ಪ್ರಶ್ನೆಗಳ ಉತ್ತರ ಅದನ್ನು ಅವಲಂಬಿಸಿದೆ.

ಆಟ ಬಲ್ಲವನಿಗೆ ಅಂಪೈರಿಂಗ್ ತಾನಾಗಿ ಬರುತ್ತದೆ ಎಂಬುದು ನಮ್ಮ ಜಿಲ್ಲೆಯಲ್ಲಿ ಬಹಳ ಗಟ್ಟಿಯಾಗಿ ಬೇರೂರಿರುವ ನಂಬಿಕೆ. ನಾನೂ ಹನ್ನೊಂದು ವರ್ಷ ಫಾರ್ವರ್ಡ್ ಆಗಿ ಆಡಿ, ನಾಲ್ಕು ವರ್ಷ ಕೋಚ್ ಆಗಿ ದುಡಿದು, ಅದೇ ನಂಬಿಕೆಯಿಂದ ಈ ಕೆಲಸಕ್ಕೆ ಬಂದವನು. ನನ್ನ ಮೊದಲ ವರ್ಷದ ಒಂದು ಶಾಲಾ ಪಂದ್ಯದಲ್ಲಿ, ಚೆಂಡು ಹಿಡಿದ ಹುಡುಗನೊಬ್ಬ ಇಬ್ಬರ ನಡುವೆ ಸಿಕ್ಕಿಕೊಂಡಾಗ, ಸೈಡ್‌ಲೈನ್ ಪಕ್ಕದಲ್ಲಿ ವಿಷಲ್ ಹಿಡಿದು ನಿಂತಿದ್ದ ನಾನೇ "ಬಲಕ್ಕೆ ಕೊಡೋ!" ಎಂದು ಕೂಗಿಬಿಟ್ಟೆ. ಆ ಹುಡುಗ ವಿಧೇಯ; ತಿರುಗಿಯೂ ನೋಡದೆ ಬಲಕ್ಕೆ ಕೊಟ್ಟ, ಅಲ್ಲಿಂದ ಗೋಲೂ ಆಯಿತು. ಎದುರು ತಂಡದ ಕೋಚ್ ಏನೂ ಹೇಳಲಿಲ್ಲ. ಕೈಯಲ್ಲಿದ್ದ ನೀರಿನ ಬಾಟಲಿಯ ಮುಚ್ಚಳವನ್ನು ನಿಧಾನವಾಗಿ ತಿರುಗಿಸುತ್ತ ನನ್ನನ್ನೇ ನೋಡುತ್ತಿದ್ದರು. ಆ ಗೋಲನ್ನು ರದ್ದುಪಡಿಸಲು ನಿಯಮದಲ್ಲಿ ಕಾರಣವಿರಲಿಲ್ಲ. ನನ್ನನ್ನು ರದ್ದುಪಡಿಸಲು ಮಾತ್ರ ಇತ್ತು.

ಆಟಗಾರನ ಕಣ್ಣು ಚೆಂಡು ಮುಂದೆ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಹುಡುಕುತ್ತದೆ. ಸೆಂಟರ್ ಹಾಫ್ ಆಗಿದ್ದ ನಿಮಗೆ ಈ ಅಭ್ಯಾಸ ಇನ್ನೂ ಆಳವಾಗಿರಬೇಕು, ಏಕೆಂದರೆ ಆ ಸ್ಥಾನದ ಕೆಲಸವೇ ಅದು. ಕೋಚ್‌ನ ಕಣ್ಣು ತಪ್ಪು ಕಂಡಕೂಡಲೇ ಅದನ್ನು ತಿದ್ದಲು ಹೊರಡುತ್ತದೆ. ಅಂಪೈರ್ ಕಣ್ಣಿಗೆ ಇವೆರಡೂ ಒಗ್ಗುವುದಿಲ್ಲ. ಚೆಂಡು ದಾಟಿ ಹೋದ ಮೇಲೆ ಹಿಂದೆ ಉಳಿದ ಕಾಲುಗಳನ್ನು, ತಡವಾಗಿ ಬಂದ ಸ್ಟಿಕ್ಕನ್ನು, ದೇಹ ಅಡ್ಡವಿಟ್ಟು ಚೆಂಡನ್ನು ಮರೆಮಾಡಿದ ಭುಜವನ್ನು ಅದು ನೋಡಬೇಕು. ನೋಡಿದ ಮೇಲೂ ಒಂದು ಗಳಿಗೆ ಸುಮ್ಮನಿರಬೇಕು. ನೀವು ಗೊಂದಲಕ್ಕೆ ಬಿದ್ದದ್ದು ಆಟ ಗೊತ್ತಿಲ್ಲದೆ ಅಲ್ಲ, ತಪ್ಪು ಕಣ್ಣಿನಿಂದ ನೋಡಿದ್ದರಿಂದ. ಅದನ್ನು ಬದಲಿಸಿಕೊಳ್ಳಲು ಸಾಧ್ಯವಿದೆ, ಆದರೆ ನನ್ನ ಅನುಭವದಲ್ಲಿ ಚೆನ್ನಾಗಿ ಆಡಿದವರಿಗೇ ಅದಕ್ಕೆ ಹೆಚ್ಚು ಕಾಲ ಹಿಡಿಯುತ್ತದೆ.

ಇನ್ನು ಆ ಪೆನಾಲ್ಟಿ ಕಾರ್ನರ್. ಕಾಲಿಗೆ ಚೆಂಡು ತಾಗಿದರೆ ಅದು ಫೌಲ್ ಎಂದು ಗ್ಯಾಲರಿಯಲ್ಲಿ ಕುಳಿತ ಪ್ರತಿಯೊಬ್ಬರೂ ಕೂಗುತ್ತಾರೆ. ನಿಯಮ ಹಾಗೆ ಹೇಳುವುದಿಲ್ಲ. ಕಾಲಿಗೋ ಮೈಗೋ ಚೆಂಡು ತಾಗಿದ್ದರಿಂದ ಆ ಆಟಗಾರನಿಗೆ ಅಥವಾ ಅವನ ತಂಡಕ್ಕೆ ಲಾಭವಾಗಿದ್ದರೆ, ಇಲ್ಲವೇ ಚೆಂಡನ್ನು ಹಾಗೆ ತಡೆಯಬೇಕೆಂದೇ ಅವನು ಅಲ್ಲಿ ನಿಂತಿದ್ದರೆ ಮಾತ್ರ ಅದು ತಪ್ಪು. ಇದರ ಮೇಲೆ ಇನ್ನೊಂದು ಮೂಲ ನಿಯಮವಿದೆ: ಎದುರಾಳಿಯ ತಪ್ಪಿನಿಂದ ಒಂದು ತಂಡಕ್ಕೆ ನಷ್ಟವಾದಾಗ ಮಾತ್ರ ದಂಡ ವಿಧಿಸಬೇಕು. ನಿಮ್ಮ ಪಂದ್ಯದಲ್ಲಿ ಚೆಂಡು ಡಿಫೆಂಡರ್ ಕಾಲಿಗೆ ಬಡಿದು, ದಾಳಿ ಮಾಡುತ್ತಿದ್ದವನ ಸ್ಟಿಕ್‌ಗೇ ಬಂತು. ಡಿಫೆಂಡರ್‌ಗೆ ಲಾಭವೂ ಇಲ್ಲ, ಫಾರ್ವರ್ಡ್‌ಗೆ ನಷ್ಟವೂ ಇಲ್ಲ. ನೀವು ಕೈಯನ್ನು ಮೇಲೆತ್ತಿ, ದಾಳಿಯ ದಿಕ್ಕಿಗೆ ಚಾಚಿ, ಅಡ್ವಾಂಟೇಜ್, ಅಂದರೆ ಅನುಕೂಲ ಈ ತಂಡಕ್ಕೇ ಇದೆ ಎಂದು ತೋರಿಸಿ, ಆಟವನ್ನು ಮುಂದುವರಿಯಲು ಬಿಡಬೇಕಾಗಿತ್ತು. ಅವನಿಗೆ ಮುಂದೆ ದಾರಿ ಕಟ್ಟಿಹೋಗಿದ್ದರೆ ಅರೆಗಳಿಗೆಯ ನಂತರವೂ ಕಾರ್ನರ್ ಕೊಡಬಹುದಿತ್ತು. ಹೀಗಾಗಿ, ಹೇಳಲು ನನಗೂ ಮುಜುಗರವೇ, ಆಟದ ಮಟ್ಟಿಗೆ ನಿಮ್ಮ ದೊಡ್ಡಪ್ಪನ ಮಗನ ಸಿಟ್ಟಿನಲ್ಲಿ ಹುರುಳಿದೆ. ಬೇಕೆಂದೇ ಮಾಡಿದಿರಿ ಎಂಬ ಆರೋಪದಲ್ಲಿ ಮಾತ್ರ ಇಲ್ಲ.

ಹಾಗಾದದ್ದರ ಕಾರಣ ಬಹುಶಃ ಬಹಳ ಸಣ್ಣದು: ವಿಷಲ್ ನಿಮ್ಮ ಬಾಯಲ್ಲೇ ಇತ್ತು. ತರಬೇತಿಯಲ್ಲಿ ಕೋಚ್ ವಿಷಲ್ಲನ್ನು ಕಚ್ಚಿಕೊಂಡೇ ಓಡಾಡುತ್ತಾನೆ, ಏಕೆಂದರೆ ತಪ್ಪಾದಲ್ಲೇ ಆಟ ನಿಲ್ಲಿಸಿ ತಿದ್ದುವುದು ಅವನ ಕೆಲಸ. ನನ್ನ ಎರಡನೆಯ ವರ್ಷದಲ್ಲಿ ಹಿರಿಯ ಅಂಪೈರ್ ಒಬ್ಬರು ನನ್ನ ಕೊರಳಿನ ದಾರದಿಂದ ವಿಷಲ್ ಬಿಚ್ಚಿಸಿ, ಬೆರಳಿಗೆ ಸಿಕ್ಕಿಸುವ ಪಟ್ಟಿಯಿರುವ ವಿಷಲ್ ಒಂದನ್ನು ಕೊಟ್ಟರು. ಕೈ ಸೊಂಟದ ಮಟ್ಟದಿಂದ ತುಟಿಗೆ ಬರಲು ಹಿಡಿಯುವ ಸಮಯದಲ್ಲಿ ಅಡ್ವಾಂಟೇಜ್ ಇದೆಯೋ ಇಲ್ಲವೋ ಎಂಬುದು ತಾನಾಗಿ ತಿಳಿದುಬಿಡುತ್ತದೆ ಎಂದು ಹೇಳಿದರು. ನನಗೆ ಸಿಕ್ಕ ಪಾಠಗಳಲ್ಲಿ ಇಷ್ಟು ಅಗ್ಗದ್ದೂ ಇಷ್ಟು ಉಪಯೋಗದ್ದೂ ಬೇರೊಂದಿಲ್ಲ. ಮುಂದಿನ ವಾರದ ತರಬೇತಿಯಲ್ಲಿಯೇ ನೀವಿದನ್ನು ಪ್ರಯತ್ನಿಸಬಹುದು.

ಎರಡನೆಯ ಕಾರಣ ನಿಯಮಗಳೇ. ನೀವು ಆಟ ಬಿಟ್ಟು ಹತ್ತು ವರ್ಷ ದಾಟಿದೆ ಎಂದಿದ್ದೀರಿ. ಈ ಅವಧಿಯಲ್ಲಿ ಹಾಕಿ ನಿಯಮಗಳು ಹಲವು ಬಾರಿ ಬದಲಾಗಿವೆ. ಭುಜಕ್ಕಿಂತ ಮೇಲಿರುವ ಚೆಂಡನ್ನು ಸ್ಟಿಕ್‌ನಿಂದ ಮುಟ್ಟುವುದು ನೀವು ಕಲಿತ ಕಾಲದಲ್ಲಿ ತಪ್ಪಾಗಿತ್ತು. 2015ರ ನಿಯಮಾವಳಿಯಿಂದ ಅಪಾಯಕಾರಿಯಲ್ಲದ ರೀತಿಯಲ್ಲಿ ಹಾಗೆ ಆಡಬಹುದು. ಎರಡು ಅವಧಿಗಳ ಪಂದ್ಯದ ಬದಲು 15 ನಿಮಿಷಗಳ ನಾಲ್ಕು ಕ್ವಾರ್ಟರ್ ಬಂದಿವೆ. ಎತ್ತರದಿಂದ ಇಳಿಯುವ ಚೆಂಡನ್ನು ಹಿಡಿಯಲು ನಿಂತವನ 5 ಮೀಟರ್ ಒಳಗೆ ಎದುರಾಳಿ ಬರಬಾರದೆಂಬ ನಿಯಮ ಹಳೆಯದೇ. ಆದರೆ ಅವನಿಗೆ ಸ್ಟಿಕ್ ಅಳತೆಯಷ್ಟು ಹತ್ತಿರ ಬಾರದೆ ಸುರಕ್ಷಿತವಾಗಿ ಚೆಂಡನ್ನು ನಡುವೆಯೇ ತಡೆಯಬಹುದೆಂದು 2022ರಲ್ಲಿ ಸಡಿಲಿಸಲಾಗಿದೆ. ಗ್ಯಾಲರಿಯಲ್ಲಿ ಇವತ್ತಿಗೂ ಆಫ್‌ಸೈಡ್ ಎಂದು ಕೂಗುವ ಹಿರಿಯರಿದ್ದಾರೆ, ಆ ನಿಯಮ ಹೋಗಿ ಕಾಲು ಶತಮಾನ ಕಳೆದಿದೆ. ಅವರನ್ನು ಕಂಡು ನಾವು ನಗುತ್ತೇವೆ, ಆದರೆ ಆಟ ಬಿಟ್ಟ ವರ್ಷದ ನಿಯಮವನ್ನೇ ಕೊನೆಯದೆಂದು ನಂಬುವ ಚಾಳಿ ನಮ್ಮೆಲ್ಲರಿಗೂ ಇದೆ. ಅಂತರರಾಷ್ಟ್ರೀಯ ಹಾಕಿ ಫೆಡರೇಷನ್ನಿನ ನಿಯಮ ಪುಸ್ತಕ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಇಂಗ್ಲಿಷ್‌ನಲ್ಲಿದೆ, ದೊಡ್ಡದೇನಲ್ಲ, ಆಡಿದ ನೆನಪನ್ನು ಬದಿಗಿಟ್ಟು, ಹೊಸ ಆಟವೊಂದನ್ನು ಕಲಿಯುವವರಂತೆ ಅದನ್ನು ಓದಿ.

ನಿಮ್ಮ ಮನೆಯವರ ನಗುವಿಗೆ ಉತ್ತರ ನಮ್ಮ ಜಿಲ್ಲೆಯಲ್ಲೇ ಇದೆ. ಪುಚ್ಚಿಮಂಡ ಅನುಪಮಾ ಆಟಗಾರ್ತಿಯಾಗಿದ್ದು ಅಂಪೈರ್ ಆದವರು. 2006ರ ಮೆಲ್ಬರ್ನ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿಯೂ 2013ರ ಮಹಿಳಾ ಏಷ್ಯಾ ಕಪ್‌ನಲ್ಲಿಯೂ ಅಂಪೈರ್ ಆಗಿದ್ದರು. 2021ರಲ್ಲಿ ಕೋವಿಡ್‌ನಿಂದ ತೀರಿಕೊಂಡಾಗ ಅವರಿಗೆ ಇನ್ನೂ ವಯಸ್ಸಾಗಿರಲಿಲ್ಲ. ಒಲಿಂಪಿಕ್ಸ್‌ವರೆಗೆ ಹೋದ ಆಟಗಾರರ ಹೆಸರನ್ನು ಉಸಿರು ಕಟ್ಟದೆ ಹೇಳುವ ನಾವು ಅವರ ಹೆಸರನ್ನು ಅಷ್ಟು ಸಲೀಸಾಗಿ ಹೇಳುವುದಿಲ್ಲ ಎಂಬುದು ನನ್ನ ಹಳೆಯ ಕೊರಗು. ಆದರೆ ಅವರ ಉದಾಹರಣೆಯಲ್ಲಿ ನಿಮಗೊಂದು ಕಹಿ ಸತ್ಯವೂ ಇದೆ. ಮೆಲ್ಬರ್ನ್‌ಗೆ ಹೋದಾಗ ಅವರು ಇಪ್ಪತ್ತರ ಹರೆಯದಲ್ಲಿದ್ದರು. ದೇಶದ ಮಟ್ಟದ ಅಂಪೈರ್‌ಗಳನ್ನು ಹಾಕಿ ಇಂಡಿಯಾ ಹಲವು ವರ್ಷಗಳ ಪಂದ್ಯಗಳಲ್ಲಿ ಅಳೆದು ಮೇಲೆತ್ತುತ್ತದೆ, ಅಂತರರಾಷ್ಟ್ರೀಯ ಮಟ್ಟ ಅದರಾಚೆಯದು. 39ರಲ್ಲಿ ಆರಂಭಿಸುವವರಿಗೆ ಆ ಏಣಿಯ ಮೇಲಿನ ಮೆಟ್ಟಿಲುಗಳು ಬಹುಮಟ್ಟಿಗೆ ಕೈಗೆಟುಕುವುದಿಲ್ಲ. ಜಿಲ್ಲೆಯ ಶಾಲಾ ಕಾಲೇಜು ಪಂದ್ಯಗಳು, ಆಹ್ವಾನಿತ ಪಂದ್ಯಾವಳಿಗಳು, ಚೆನ್ನಾಗಿ ಮಾಡಿದರೆ ರಾಜ್ಯ ಮಟ್ಟ: ನಿಮ್ಮ ಗುರಿಯನ್ನು ಅಲ್ಲಿಗೆ ನಿಲ್ಲಿಸಿಕೊಂಡರೆ ನಿರಾಶೆಯಿಲ್ಲ. ಅಲ್ಲಿ ಕೆಲಸಕ್ಕೇನೂ ಕೊರತೆಯಿಲ್ಲ, ಒಳ್ಳೆಯ ಅಂಪೈರ್‌ಗಳಿಗೆ ಇದೆ.

ಕಾಲಿನ ವಿಷಯ. ನಾನು ವೈದ್ಯನಲ್ಲ, ಮೈದಾನದ ಕೆಲಸ ಮೊಣಕಾಲಿನಿಂದ ಏನನ್ನು ಕೇಳುತ್ತದೆ ಎಂಬುದನ್ನಷ್ಟೇ ಹೇಳಬಲ್ಲೆ. ಹಾಕಿ ಮೈದಾನದ ಉದ್ದ 91.4 ಮೀಟರ್, ಅಂಪೈರ್‌ಗಳು ಇಬ್ಬರು. ಸೈಡ್‌ಲೈನ್ ಬಳಿ ಮೈದಾನಕ್ಕೆ ಮುಖ ಮಾಡಿ ನಿಂತಾಗ ನಿಮ್ಮ ಬಲಗೈ ಕಡೆಯ ಅರ್ಧ ನಿಮ್ಮದು, ಪಂದ್ಯ ಮುಗಿಯುವವರೆಗೂ. ಹಾಗಾಗಿ ಫುಟ್‌ಬಾಲ್ ರೆಫರಿಯಷ್ಟು ಓಟ ಇಲ್ಲಿಲ್ಲ ಎಂದು ಜನ ಭಾವಿಸುತ್ತಾರೆ, ಅದು ಒಂದು ಮಟ್ಟಿಗೆ ನಿಜ. ಆದರೆ ಓಟದ ರೀತಿ ಬೇರೆ. ಮೈದಾನದ ಕಡೆ ಮುಖವಿಟ್ಟುಕೊಂಡೇ ಅಡ್ಡಡ್ಡ ಸರಿಯಬೇಕು, ಹಿಂದಕ್ಕೆ ಓಡಬೇಕು, ಚೆಂಡು ಒಮ್ಮೆಗೇ ತಿರುಗಿದಾಗ ನಡುಗೆರೆಯಿಂದ ಸರ್ಕಲ್‌ವರೆಗೆ ಎಗರಿ ಓಡಿ ತಟ್ಟನೆ ನಿಲ್ಲಬೇಕು. ಹರಿದು ಹೊಲಿದ ಲಿಗಮೆಂಟ್‌ಗೆ ನೇರ ಓಟಕ್ಕಿಂತ ಹೆಚ್ಚು ಕಷ್ಟ ಕೊಡುವುದು ಈ ನಿಲ್ಲುವಿಕೆ ಮತ್ತು ತಿರುಗುವಿಕೆಯೇ. ಪೊನ್ನಂಪೇಟೆಯಂಥ ಟರ್ಫ್ ಮೈದಾನದಲ್ಲಿ ಶೂ ನೆಲಕ್ಕೆ ಕಚ್ಚಿಕೊಂಡು ಮೈ ಮಾತ್ರ ತಿರುಗುವ ಅಪಾಯ; ಹಳ್ಳಿಯ ಹುಲ್ಲು ಮೈದಾನದಲ್ಲಿ ಕಣ್ಣು ಸರ್ಕಲ್ ಮೇಲಿರುವಾಗ ಕಾಲು ಕುಳಿಗೆ ಬೀಳುವ ಅಪಾಯ. ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರ ಬಳಿಯೋ ಫಿಸಿಯೋಥೆರಪಿಸ್ಟ್ ಬಳಿಯೋ ಹೋಗಿ "ಅಂಪೈರ್ ಆಗಬಹುದೇ" ಎಂದು ಕೇಳಬೇಡಿ, ಅವರು ನಿಂತುಕೊಂಡು ಮಾಡುವ ಕೆಲಸವೆಂದು ತಿಳಿದು ಹೂಂ ಎಂದುಬಿಡುತ್ತಾರೆ. ಮೇಲೆ ಹೇಳಿದ ಚಲನೆಗಳನ್ನು ಅವರ ಮುಂದೆ ಮಾಡಿ ತೋರಿಸಿ ಕೇಳಿ. ಒಂದು ಗಂಟೆ ಹೀಗೆ ಓಡಾಡಿದ ಮರುದಿನ ಬೆಳಿಗ್ಗೆ ಮೊಣಕಾಲು ಊದಿಕೊಂಡಿದ್ದರೆ ಇನ್ನೂ ತಯಾರಾಗಿಲ್ಲವೆಂದೇ ಲೆಕ್ಕ. ಎಷ್ಟು ತಿಂಗಳ ವ್ಯಾಯಾಮದ ನಂತರವೂ ಹಾಗೇ ಆಗುತ್ತಿದ್ದರೆ ಇನ್ನೊಂದು ಬಾಗಿಲಿದೆ, ಅದನ್ನು ಮುಂದೆ ಹೇಳುತ್ತೇನೆ.

ಈಗ ಒಕ್ಕದ ಮಾತು. ಪತ್ರದಲ್ಲಿ ನೀವು ಅದನ್ನು ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ್ದೀರಿ, ನನಗೆ ಅದೇ ಎಲ್ಲಕ್ಕಿಂತ ದೊಡ್ಡದಾಗಿ ಕಂಡಿತು. ತಮ್ಮ ಒಕ್ಕದ ಪಂದ್ಯದಲ್ಲಿ ಅಂಪೈರ್ ಆಗುವವರು ತಮ್ಮವರಿಗೆ ಅನುಕೂಲ ಮಾಡಿಕೊಡುತ್ತಾರೆ ಎಂದು ಜನ ಅನುಮಾನಿಸುತ್ತಾರೆ. ನಾನು ಕಂಡದ್ದು ಹೆಚ್ಚಾಗಿ ಅದರ ವಿರುದ್ಧ: ಅನುಮಾನ ಬಾರದಿರಲಿ ಎಂದು ತಮ್ಮವರ ಮೇಲೆಯೇ ಬಿಗಿಯಾಗುತ್ತಾರೆ, ಅನುಮಾನವಿರುವಲ್ಲೆಲ್ಲ ಎದುರು ತಂಡಕ್ಕೆ ಕೊಡುತ್ತಾರೆ. ಎರಡೂ ಅನ್ಯಾಯವೇ. ಅಂದು ನೀವು ಹಾಗೆ ಮಾಡಿದಿರೆಂದು ನಾನು ಹೇಳಲಾರೆ, ಮಾಡಲಿಲ್ಲವೆಂದು ನೀವೂ ಖಚಿತವಾಗಿ ಹೇಳಲಾರಿರಿ. ಆ ಜಾಗದಲ್ಲಿ ನಿಂತವನಿಗೆ ತನ್ನ ಮನಸ್ಸು ತನಗೇ ತಿಳಿಯದಿರುವುದೇ ಅಲ್ಲಿ ನಿಲ್ಲಬಾರದು ಎನ್ನಲು ಕಾರಣ.

ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಒಕ್ಕಗಳ ನಡುವಿನ ಪಂದ್ಯಾವಳಿಯಾದ ಕೊಡವ ಕೌಟುಂಬಿಕ ಹಾಕಿಯನ್ನು ಆರಂಭಿಸಿದಾಗ ಬಂದದ್ದು 60 ತಂಡಗಳು. 2024ರಲ್ಲಿ ನಾಪೋಕ್ಲುವಿನ ಕುಂಡ್ಯೋಳಂಡ ಕಪ್‌ಗೆ 360 ತಂಡಗಳು ಬಂದು ಗಿನ್ನೆಸ್ ದಾಖಲೆಯಾಯಿತು. ಇಷ್ಟು ತಂಡಗಳ ಪಂದ್ಯಾವಳಿಯಲ್ಲಿ ಜಿಲ್ಲೆಯೊಳಗಿನ ಅಂಪೈರ್‌ಗೆ ಯಾವ ಒಕ್ಕವೂ ಪೂರ್ತಿ ಹೊರಗಿನದಲ್ಲ: ಒಂದು ಸ್ವಂತದ್ದು, ಒಂದು ತಾಮನೆ ಎಂದರೆ ತಾಯಿಯ ತವರು, ಒಂದು ಹೆಂಡತಿಯ ಮನೆ, ಇನ್ನೊಂದು ತಂಡದಲ್ಲಿ ನೀವು ಕಲಿಸಿದ ಹುಡುಗ. ಹಾಗೆಂದು ಯಾವ ಪಂದ್ಯವೂ ಬೇಡವೆಂದರೆ ಮನೆಯಲ್ಲೇ ಕೂರಬೇಕಾಗುತ್ತದೆ. ನಾನು ಪಾಲಿಸುವ ಗಡಿ ಇದು: ಸ್ವಂತ ಒಕ್ಕ, ತಾಮನೆ, ಹೆಂಡತಿಯ ಒಕ್ಕ, ಕಳೆದ ಎರಡು ವರ್ಷಗಳಲ್ಲಿ ತರಬೇತಿ ಕೊಟ್ಟ ತಂಡ. ಈ ಪಟ್ಟಿಯನ್ನು ಪಂದ್ಯಾವಳಿಗೆ ಮೊದಲೇ ಸಂಘಟಕರಿಗೆ ಬರೆದುಕೊಡುತ್ತೇನೆ. ಬಾಯಿಮಾತಿನಲ್ಲಿ ಹೇಳಿದರೆ ಪಂದ್ಯದ ದಿನ "ಯಾರೂ ಸಿಗಲಿಲ್ಲ, ಇದೊಂದು ಸಲ ನಿಂತುಬಿಡಿ" ಎಂಬ ಮಾತು ಬಂದೇ ಬರುತ್ತದೆ, ನಿಮಗೆ ಬಂದದ್ದೂ ಅದೇ ಅಲ್ಲವೇ. ಹಾಗೆ ಒಮ್ಮೆ ಒಪ್ಪಿಕೊಂಡು ನಾನೂ ಕೈಸುಟ್ಟುಕೊಂಡಿದ್ದೇನೆ. ಒಂದು ಮದುವೆಯ ಆಮಂತ್ರಣ ಆ ಕಾರಣಕ್ಕೇ ನಮ್ಮ ಮನೆಗೆ ಬರಲಿಲ್ಲ.

ಕೌಟುಂಬಿಕ ಹಾಕಿಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಒಂದೇ ತಂಡದಲ್ಲಿ ಅರವತ್ತು ದಾಟಿದ ಅಜ್ಜ, ರಾಜ್ಯ ತಂಡಕ್ಕೆ ಆಡುವ ಮೊಮ್ಮಗ, ಹೈಸ್ಕೂಲಿನ ಹುಡುಗಿ ಮೂವರೂ ಇರಬಹುದು. ಎದುರಿನವನು ತನ್ನನ್ನು ಕಾಪಾಡಿಕೊಳ್ಳಲು ನ್ಯಾಯವಾಗಿಯೇ ಪಕ್ಕಕ್ಕೆ ಸರಿಯಬೇಕಾಗಿ ಬಂದರೆ ಆ ಚೆಂಡು ಅಪಾಯಕಾರಿ ಎಂದು ನಿಯಮ ಹೇಳುತ್ತದೆ. ಮೊಮ್ಮಗ ಸುಲಭವಾಗಿ ಹಿಡಿಯುವ ಚೆಂಡಿಗೆ ಅಜ್ಜ ಹೆದರಿ ಸರಿದರೆ ಅದು ಅಪಾಯವೇ. ನಿಯಮ ಒಂದೇ ಆದರೂ ಎದುರಿಗೆ ಯಾರಿದ್ದಾರೆಂದು ನೋಡಿಯೇ ವಿಷಲ್ ಊದಬೇಕು. ಮಕ್ಕಳಿಗೆ ಕಲಿಸಿದ ನಿಮಗೆ ಇದು ಬೇರೆಯವರಿಗಿಂತ ಬೇಗ ಹಿಡಿಸುತ್ತದೆ. ಕೋಚಿಂಗ್ ಅನುಭವ ಅಂಪೈರ್‌ಗೆ ನೇರವಾಗಿ ಒದಗಿಬರುವ ಜಾಗ ಇದು.

ಗಲಾಟೆಯ ವಿಷಯದಲ್ಲಿ ಎರಡೇ ಮಾತು. ತಂಡದ ಎಲ್ಲರ ನಡತೆಗೂ ನಾಯಕನೇ ಹೊಣೆ ಎಂದು ನಿಯಮವೇ ಹೇಳುತ್ತದೆ, ಆದ್ದರಿಂದ ನಿಮ್ಮ ಮಾತು ನಾಯಕನೊಂದಿಗೆ ಮಾತ್ರ, ಗ್ಯಾಲರಿಯೊಂದಿಗೆ ಎಂದೂ ಬೇಡ. ಹಸಿರು ಕಾರ್ಡ್ ತೋರಿಸಿದರೆ ಆಟಗಾರ 2 ನಿಮಿಷ ಹೊರಗೆ, ಹಳದಿಗೆ ಕನಿಷ್ಠ 5 ನಿಮಿಷ, ಕೆಂಪಿಗೆ ಪಂದ್ಯದಿಂದಲೇ ಹೊರಗೆ. ಹಸಿರನ್ನು ಮೊದಲ ಕ್ವಾರ್ಟರ್‌ನಲ್ಲಿ ತೋರಿಸಲು ಹಿಂಜರಿದವರು ಕೊನೆಯ ಕ್ವಾರ್ಟರ್‌ನಲ್ಲಿ ಕೆಂಪನ್ನು ಹುಡುಕುತ್ತಾರೆ.

ನಿಮ್ಮ ಮುಂದಿರುವ ದಾರಿಗಳು ಹೀಗಿವೆ. ಸುತ್ತಲಿನ ಶಾಲೆಗಳ ಪಂದ್ಯಗಳಿಗೆ ನಾಳೆಯೇ ನಿಲ್ಲಬಹುದು, ಯಾರೂ ಬೇಡವೆನ್ನುವುದಿಲ್ಲ. ಇದರ ಅಪಾಯವೆಂದರೆ ತಿದ್ದುವವರಿಲ್ಲದೆ ತಪ್ಪು ಅಭ್ಯಾಸಗಳು ಗಟ್ಟಿಯಾಗುವುದು. ಐದು ವರ್ಷ ಹೀಗೇ ಊದಿದವರನ್ನು ತಿದ್ದುವುದಕ್ಕಿಂತ ಹೊಸಬರಿಗೆ ಕಲಿಸುವುದು ಸುಲಭ. ಎರಡನೆಯದು ಜಿಲ್ಲಾ ಹಾಗೂ ರಾಜ್ಯ ಹಾಕಿ ಸಂಸ್ಥೆಯ ಮೂಲಕ ತರಬೇತಿ ಶಿಬಿರ, ನಿಯಮಗಳ ಪರೀಕ್ಷೆ, ಓಟದ ಪರೀಕ್ಷೆ ಮುಗಿಸಿ ಅಧಿಕೃತ ಪಟ್ಟಿಗೆ ಸೇರುವುದು. ಇದು ನಿಧಾನದ ದಾರಿ, ಬೆಂಗಳೂರಿಗೆ ಓಡಾಟವಿದೆ, ಡಿಸೆಂಬರ್‌ನಿಂದ ಫೆಬ್ರವರಿಯವರೆಗಿನ ಕಾಫಿ ಕೊಯ್ಲಿನ ನಡುವೆ ಕರೆ ಬಂದರೆ ತೋಟವೋ ಮೈದಾನವೋ ಎಂಬ ತೀರ್ಮಾನವನ್ನು ಮನೆಯವರೊಡನೆ ಮೊದಲೇ ಮಾಡಿಕೊಂಡಿರಬೇಕು. ಪ್ರಕಟಣೆಯಲ್ಲಿ ವಯಸ್ಸಿನ ಮಿತಿ ಇದೆಯೇ ಎಂದು ನೋಡಿಯೇ ಅರ್ಜಿ ಹಾಕಿ. ನನ್ನನ್ನು ಕೇಳಿದರೆ ಎರಡನ್ನೂ ಜೊತೆಯಾಗಿ ನಡೆಸಿ, ಆದರೆ ಶಾಲಾ ಪಂದ್ಯಗಳಲ್ಲಿ ಒಬ್ಬ ಅನುಭವಿ ಅಂಪೈರ್ ಎದುರು ಬದಿಯಲ್ಲಿರುವಂತೆ ನೋಡಿಕೊಳ್ಳಿ. ಕ್ವಾರ್ಟರ್‌ಗಳ ನಡುವಿನ ಎರಡು ನಿಮಿಷದಲ್ಲಿ ಅವರು ಹೇಳುವ ಒಂದು ವಾಕ್ಯ ಇಡೀ ಶಿಬಿರಕ್ಕೆ ಸಮ.

ಮೂರನೆಯದು ನಾನು ಮೊದಲು ಹೇಳಿದ ಬಾಗಿಲು: ಟೆಕ್ನಿಕಲ್ ಟೇಬಲ್. ಗೋಲು, ಕಾರ್ಡ್, ಸಮಯ, ಆಟಗಾರರ ಬದಲಾವಣೆ, ಹೊರಗೆ ಕೂತವನ ನಿಮಿಷಗಳ ಲೆಕ್ಕ ಎಲ್ಲವೂ ಅಲ್ಲಿ ನಡೆಯುತ್ತದೆ. ಮೊಣಕಾಲಿಗೆ ಯಾವ ತೊಂದರೆಯೂ ಇಲ್ಲ, ಮೇಲಿನ ಮಟ್ಟದವರೆಗೂ ಬೆಳೆಯುವ ಅವಕಾಶವಿದೆ. ಇದನ್ನು ಸೋತವರ ದಾರಿಯೆಂದು ತಿಳಿಯಬೇಡಿ. ಸೇನೆಯ ಶಿಸ್ತಿನಿಂದ ಬಂದವರು ಈ ಟೇಬಲ್ಲಿನಲ್ಲಿ ಬಹಳ ಚೆನ್ನಾಗಿ ಕೆಲಸ ಮಾಡಿದ್ದನ್ನು ಕಂಡಿದ್ದೇನೆ. ಆದರೆ ನಿಮ್ಮ ಆಸೆ ಮೈದಾನದ್ದು, ಅದು ಟೇಬಲ್ ಹಿಂದೆ ಕೂತಾಗ ತಣಿಯುತ್ತದೆಯೋ ಇಲ್ಲವೋ ನೀವೇ ಹೇಳಬೇಕು.

ತರಬೇತಿಯನ್ನು ಬಿಡಬೇಕಾಗಿಲ್ಲ. ನಿಮ್ಮ ಶಾಲೆ ಆಡುವ ಪಂದ್ಯಾವಳಿಯಲ್ಲಿ ಮಾತ್ರ ಅಂಪೈರ್ ಆಗಬೇಡಿ, ನಿಮ್ಮದಲ್ಲದ ಪಂದ್ಯದಲ್ಲಿಯೂ ಬೇಡ, ಏಕೆಂದರೆ ಅದರ ಫಲಿತಾಂಶದಿಂದ ನಿಮ್ಮ ಮಕ್ಕಳ ಮುಂದಿನ ಎದುರಾಳಿ ಯಾರೆಂದು ತೀರ್ಮಾನವಾಗುತ್ತದೆ. ಸಂಪಾದನೆಯ ಪ್ರಶ್ನೆಗೆ ನೇರ ಉತ್ತರ, ಇಲ್ಲ. ಪಂದ್ಯದ ಭತ್ಯೆ, ಓಡಾಟದ ಖರ್ಚು, ಊಟ ವಸತಿ ಸಿಗುತ್ತವೆ. ಊರಿನ ಮಟ್ಟದಲ್ಲಿ ಅದೂ ತಡವಾಗಿ. ಶೂ ಮತ್ತು ಫಿಸಿಯೋಥೆರಪಿಯ ಖರ್ಚನ್ನು ಅದು ತುಂಬಿದರೆ ಒಳ್ಳೆಯ ವರ್ಷವೆನ್ನಬಹುದು.

ದೊಡ್ಡಪ್ಪನ ಮಗನ ಬಳಿ ನೀವೇ ಹೋಗಿ. ಅಂದು ಕಾಲಿಗೆ ತಾಗಿದ್ದನ್ನು ಕಂಡೆ, ಚೆಂಡು ನಿನಗೆ ಬಂದದ್ದನ್ನು ಕಾಣುವ ಮೊದಲೇ ಊದಿಬಿಟ್ಟೆ ಎಂದಷ್ಟೇ ಹೇಳಿ. ನಿಯಮ ವಿವರಿಸಲು ಹೋಗಬೇಡಿ. ಆಮೇಲೆ ಮಳೆಗಾಲ ಬರುತ್ತದೆ, ನಮ್ಮ ಮೈದಾನಗಳು ಹೇಗೂ ಕೆರೆಯಾಗುತ್ತವೆ. ಆ ತಿಂಗಳುಗಳನ್ನು ನಿಯಮ ಪುಸ್ತಕಕ್ಕೂ ಮೊಣಕಾಲಿನ ವ್ಯಾಯಾಮಕ್ಕೂ ಇಡಿ. ಮಳೆ ನಿಂತ ಮೇಲೆ ಶಾಲಾ ಪಂದ್ಯಗಳಲ್ಲಿ ನಿಂತು ಕೈ ಪಳಗಿಸಿಕೊಳ್ಳಿ. ಮುಂದಿನ ಏಪ್ರಿಲ್‌ನಲ್ಲಿ ಕೌಟುಂಬಿಕ ಹಾಕಿಯ ಸಂಘಟಕರು ಕರೆದರೆ, ಮೊದಲ ವಾರದಲ್ಲಿ, ದಿನದ ಮೊದಲ ಪಂದ್ಯವನ್ನು ಕೇಳಿ ತೆಗೆದುಕೊಳ್ಳಿ. ಆ ಹೊತ್ತಿಗೆ ಗ್ಯಾಲರಿಯಲ್ಲಿ ಆಡುವವರ ಮನೆಯ ಜನ ಬಿಟ್ಟರೆ ಯಾರೂ ಬಂದಿರುವುದಿಲ್ಲ.